ಪೆಂಗೆಲ್ಲಿ ಪೀಠದ ಸಂಕ್ಷಿಪ್ತ ಇತಿಹಾಸ

ಸಂಸ್ಥಾಪಕರ ಎತ್ತರ ಎಷ್ಟಿತ್ತೆಂದು ಒಂದು ಸಾಲು ಸೇರಿಸಿದರೆ ಇತಿಹಾಸಕ್ಕೆ ಕಳೆ ಬಂದೀತೆಂದು ಆಂಬ್ರೋಸ್ ಟ್ರಾಂಟರನಿಗೆ ಅನ್ನಿಸದೇ ಹೋಗಿದ್ದರೆ, ಆ ಗುರುವಾರವೂ ಬ್ರಿಸ್ಟಲ್ಲಿನ ಮಿಕ್ಕ ಗುರುವಾರಗಳಂತೆ ಮಂಜಿನಲ್ಲಿ ಕರಗಿಹೋಗುತ್ತಿತ್ತು.

ತವರದ ಗಣಿಗಳ ಒಡೆಯ ಜೋಸಯ ಪೆಂಗೆಲ್ಲಿಯವರು ಶರೀರಕ್ರಿಯೆ ಮತ್ತು ತೌಲನಿಕ ಅಂಗರಚನೆಗೆಂದು ಈ ದತ್ತಿ ಪೀಠವನ್ನು ಸ್ಥಾಪಿಸಿ ಅರವತ್ತು ವರ್ಷಗಳಾಗಿದ್ದವು. ಅವರದು ಒಂದೇ ಷರತ್ತು: ತಾವು ಸತ್ತ ಮೇಲೆ ತಮ್ಮ ಅಸ್ಥಿಪಂಜರ ಪ್ರತಿ ಉಪನ್ಯಾಸದಲ್ಲೂ ವೇದಿಕೆಯ ಮೇಲೆ ನಿಂತಿರಬೇಕು. ನಾಲ್ವರು ಪ್ರಾಧ್ಯಾಪಕರು ಅದರ ಹೆಗಲ ಮೇಲೆ ಕೈಯಿಟ್ಟು, ಕಪ್ಪೆಯಿಂದ ತಿಮಿಂಗಿಲದವರೆಗೆ ಎಲ್ಲರ ಮೂಳೆಗಳನ್ನೂ ಬಣ್ಣಿಸಿ, ಕೀರ್ತಿವಂತರಾಗಿ ತೀರಿಕೊಂಡಿದ್ದರು. ಐದನೆಯ ವಿಟ್ಲೋ ಅಂದು ನಿವೃತ್ತರಾಗುವವರು. ಸಂಜೆ ನಾಲ್ಕಕ್ಕೆ ಟ್ರಸ್ಟಿಗಳು ಆರನೆಯವನನ್ನು ಆರಿಸಬೇಕು. ಹತ್ತೊಂಬತ್ತು ವರ್ಷ ಸಹಾಯಕನಾಗಿಯೇ ಸವೆದ ಟ್ರಾಂಟರನಿಗೆ ಇದು ಕೊನೆಯ ಅವಕಾಶ; ಪೈಪೋಟಿಗೆ ಎಡಿನ್‌ಬರೊದಿಂದ ಅರ್ಜಿ ಹಾಕಿದವನೊಬ್ಬನಿದ್ದ. ಆಯ್ಕೆಗೆ ಮುನ್ನ ಪೀಠದ ಇತಿಹಾಸ ಓದುವ ಕೆಲಸವೂ ಅವನದೇ.

ಅಂದು ಬೆಳಿಗ್ಗೆ ಟ್ರಾಂಟರನ ಅಳತೆಪಟ್ಟಿ ಅಸ್ಥಿಪಂಜರದ ಹಿಮ್ಮಡಿಯಿಂದ ಮೇಲೇರುತ್ತ ಸೊಂಟದ ಬಳಿ ನಿಂತುಬಿಟ್ಟಿತು. ಮೂಳೆ ಹರಿವಾಣದಂತೆ ಅಗಲವಾಗಿತ್ತು. ಇದು ಹೆಂಗಸಿನ ಸೊಂಟ!

"ಅಂತೂ ಕಣ್ಣಿಗೆ ಬಿತ್ತಾ?" ಎಂದಳು ನೆಲ ಒರೆಸುತ್ತಿದ್ದ ಮುದುಕಿ ಮಿಸೆಸ್ ಡಾಬ್ಸ್. "ಹನ್ನೊಂದು ವರ್ಷದಿಂದ ಇದರ ಧೂಳು ಹೊಡೀತಿದೀನಿ. ಐದು ಹೆತ್ತೋಳು ನಾನು, ನಂಗೊತ್ತಾಗಲ್ವಾ?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ಯಾರು ಕೇಳಿದ್ರು ಸ್ವಾಮಿ?"

ಟ್ರಸ್ಟಿನ ಕಾರ್ಯದರ್ಶಿ ಹಕಬಿಯವರು ವಿಷಯ ಕೇಳಿದವರೇ ಬಾಗಿಲು ಭದ್ರಪಡಿಸಿದರು. "ಪುಣ್ಯಾತ್ಮ, ಇವತ್ತೊಂದು ದಿನ ಕುರುಡರಾಗಿರಿ. ಪ್ರಾಧ್ಯಾಪಕರಾದ ಮೇಲೆ ಏನು ಬೇಕಾದ್ರೂ ನೋಡ್ಕೊಳ್ಳಿ!"

ಟ್ರಾಂಟರ್ ಒಪ್ಪಿದ. ಆದರೆ ಮಿಸೆಸ್ ಡಾಬ್ಸ್ ಮೆಟ್ಟಿಲು ಒರೆಸುತ್ತ ಒರೆಸುತ್ತ ಸುದ್ದಿಯನ್ನೂ ಮೂರು ಅಂತಸ್ತಿಗೆ ಬಳಿದಿದ್ದಳು. ಮಧ್ಯಾಹ್ನದ ಹೊತ್ತಿಗೆ ವಿಟ್ಲೋ ಕುದಿಯುವ ಕೆಟಲಿನಂತೆ ಬಂದರು.

"ಮೂವತ್ತು ವರ್ಷ ಅವರ ಪಕ್ಕದಲ್ಲಿ ನಿಂತು ಪಾಠ ಮಾಡಿದೀನಿ ಕಣಯ್ಯಾ! ಗಂಡ್ಯಾವುದು, ಹೆಣ್ಯಾವುದು ಅಂತ ನಂಗೆ ಹೇಳಿಕೊಡ್ತೀಯಾ?"

"ಆದ್ರೆ ಆ ಸೊಂಟ, ಸಾರ್..."

"ಅವರು ಜೀವಮಾನವೆಲ್ಲ ಕುದುರೆ ಮೇಲಿದ್ರು! ಅಗಲ ಆಗಿರುತ್ತೆ!"

"ತಾವೂ ಕುದುರೆ ಸವಾರಿ ಮಾಡ್ತೀರಲ್ಲ ಸಾರ್," ಎಂದು ಟ್ರಾಂಟರ್ ವಿನಯದಿಂದ ಅಳತೆಪಟ್ಟಿಯನ್ನು ಮುಂದಕ್ಕೆ ಹಿಡಿದ.

ವಿಟ್ಲೋ ಎರಡು ಹೆಜ್ಜೆ ಹಿಂದೆ ಸರಿದರು. "ನನ್ನ ಶಿಫಾರಸು ಎಡಿನ್‌ಬರೊದವನಿಗೇ! ತಿಳೀತಾ?"

ಇನ್ನು ಮುಚ್ಚಿಡುವುದರಿಂದ ಉಳಿಯುವಂಥದೇನೂ ಇರಲಿಲ್ಲ. ತಾನು ಕಂಡದ್ದೇ ಸರಿಯೆಂದು ಸಾಧಿಸಿದರಷ್ಟೇ ಪೀಠ. ನಾಲ್ಕು ಗಂಟೆಗೆ ಟ್ರಾಂಟರ್ ಇತಿಹಾಸವನ್ನು ಬದಿಗಿಟ್ಟು, ಎಲ್ಲರೆದುರು ಆ ಸೊಂಟವನ್ನು ಅಳೆದು, ಪಕ್ಕದಲ್ಲೊಂದು ಗಂಡಸಿನ ಮೂಳೆಯಿಟ್ಟು ತೋರಿಸಿದ. ಟ್ರಸ್ಟಿಗಳು ವಿಟ್ಲೋ ಕಡೆ ತಿರುಗಿದರು. ವಿಟ್ಲೋ ಕನ್ನಡಕ ಒರೆಸಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು.

"ಹೌದು," ಎಂದರು ಕೊನೆಗೆ, ಮೂಳೆಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಅಧ್ಯಕ್ಷರು ಎದ್ದು ಬಂದು ಟ್ರಾಂಟರನ ಕೈ ಕುಲುಕಿದರು. "ಅರವತ್ತು ವರ್ಷದಲ್ಲಿ ಕಣ್ಣಿರೋರು ನೀವೊಬ್ರೇ ಕಣ್ರೀ! ಈ ಪೀಠ ನಿಮಗಲ್ದೆ ಇನ್ಯಾರಿಗೆ?"

ಎಲ್ಲ ಕೈಗಳೂ ಮೇಲೆದ್ದವು. ಹತ್ತೊಂಬತ್ತು ಚಳಿಗಾಲಗಳು ಟ್ರಾಂಟರನ ಬೆನ್ನಿನಿಂದ ಮೆಲ್ಲನೆ ಇಳಿದುಹೋದವು.

ಆಗ ಮೂಲೆಯಲ್ಲಿದ್ದ ಟ್ರಸ್ಟಿನ ವಕೀಲರು ಕೆಮ್ಮಿದರು. "ಕ್ಷಮಿಸಿ. ಇದು ಪೆಂಗೆಲ್ಲಿಯವರದಲ್ಲ ಅಂತ ಯಾರಾದ್ರೂ ಸಾಧಿಸಿದ ದಿನ ಒಂದು ಕಾಗದ ಓದ್ಬೇಕು ಅಂತ ನಮ್ಮ ತಾತನ ಕಾಲದಿಂದ ಅಪ್ಪಣೆಯಿದೆ." ಅವರು ಚೀಲದಿಂದ ಲಕೋಟೆ ತೆಗೆದು, ಅರಗು ಒಡೆದು ಓದಿದರು:

"ನಾನು ನನ್ನೂರಿನ ಚರ್ಚಿನಂಗಳದ ಮಣ್ಣಿನಲ್ಲಿ ಸುಖವಾಗಿ ಮಲಗಿದ್ದೇನೆ. ವೇದಿಕೆಯ ಮೇಲಿರುವವಳು ನನಗಿಂತ ಮೊದಲೇ ತೀರಿಕೊಂಡ ನನ್ನ ಅಡುಗೆಯವಳು ಮಾರ್ಥಾ. ಜೀವನವಿಡೀ ಒಲೆಯೆದುರು ನಿಂತವಳಿಗೆ ಒಮ್ಮೆ ಸಭೆಯೆದುರು ನಿಲ್ಲುವ ಆಸೆಯಿತ್ತು. ನಮ್ಮ ವಿದ್ವಾಂಸರು ಓದುತ್ತಾರೆ, ನೋಡುವುದಿಲ್ಲ. ನೋಡುವುದನ್ನು ಕಲಿಸಲೆಂದೇ ಈ ಪೀಠ. ಒಬ್ಬನಾದರೂ ನೋಡಿದನೆಂದರೆ ಅದರ ಕೆಲಸ ಮುಗಿಯಿತು. ಅಂದೇ ಪೀಠವನ್ನು ಮುಚ್ಚಿ, ದತ್ತಿಯನ್ನು ಗಣಿಯಲ್ಲಿ ದುಡಿದು ಮುದಿಯಾದ ಕುದುರೆಗಳ ಮೇವಿಗೆ ಕೊಡತಕ್ಕದ್ದು."

ಎತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು. ಟ್ರಾಂಟರ್ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ವಿಟ್ಲೋ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ನೋಡಿದ್ಯೇನಯ್ಯಾ?" ಎಂದರು ಮರುಕದಿಂದ. "ನಾನು ಮೂವತ್ತು ವರ್ಷ ಈ ಪೀಠಾನ ಹೇಗೆ ಕಾಪಾಡ್ಕೊಂಡು ಬಂದಿದ್ದೆ!"