ಎಥೆಲ್‌ರೆಡ್ ರಾಜನ ಕಿವಿ

ರಾಜನಿಗೂ ಕಿವಿ ಇರುತ್ತದೆ ಎಂದು ಸದಾಶಿವಯ್ಯನವರು ಮೊಮ್ಮಗಳಿಗೆ ಹೇಳಲೇಬಾರದಿತ್ತು.

ಚಾಮರಾಜಪುರಂನ ಅವರ ಮನೆಯಲ್ಲಿ ಅಂದು ರಕ್ಷಿತಾಳಿಗೆ ಕಿವಿ ಚುಚ್ಚುವ ಶಾಸ್ತ್ರ. ಹಸುಗೂಸಾಗಿದ್ದಾಗಲೇ ಮುಗಿಯಬೇಕಿದ್ದದ್ದನ್ನು, ಮಗು ಅಳುತ್ತದೆಂದು ತಾತನೇ ಮುಂದೂಡುತ್ತ ಬಂದಿದ್ದರಿಂದ, ಈಗ ಅವಳಿಗೆ ಓಡುವ ಕಾಲೂ ವಾದ ಮಾಡುವ ಬಾಯೂ ಬಂದಿದ್ದವು. ಅಕ್ಕಸಾಲಿ ಮಹದೇವು ಚಿನ್ನದ ತಂತಿ ಹಿಡಿದು ಕೂತಿದ್ದರೆ, ಅವಳು ಮಂಚದ ಕೆಳಗೆ ಸೇರಿ ಕಿರುಚುತ್ತಿದ್ದಳು. ಅವಳಮ್ಮ ನೋಡಲಾರೆನೆಂದು ಅಡುಗೆಮನೆ ಸೇರಿದ್ದಳು.

ಎದುರುಮನೆ ಮಂಜುಳಮ್ಮ ಬಗ್ಗಿ ನೋಡಿದರು. "ಕೈಕಾಲು ಗಟ್ಟಿಯಾಗಿ ಹಿಡ್ಕೊಂಡು ಚುಚ್ಚಿಬುಡಿ, ಅಷ್ಟೇ. ನೀವೇ ಮುದ್ದು ಮಾಡಿ ಕೆಡಿಸಿರೋದು ಸದಾಶಿವಯ್ಯನೋರೆ."

ಮಗುವನ್ನು ಹಾಗೆ ಹಿಡಿದುಕೊಳ್ಳುವುದು ಸದಾಶಿವಯ್ಯನವರಿಂದ ಆಗದ ಮಾತು. ಸಂಜೆಯ ನಾಣ್ಯ ಪ್ರದರ್ಶನಕ್ಕೆಂದು ಹತ್ತಿಯಲ್ಲಿ ಸುತ್ತಿಟ್ಟಿದ್ದ ಬೆಳ್ಳಿ ನಾಣ್ಯ ತೆಗೆದರು. ಸಾವಿರ ವರ್ಷದ ಹಿಂದೆ ಇಂಗ್ಲೆಂಡನ್ನು ಆಳಿದ ಎಥೆಲ್‌ರೆಡ್ ಎಂಬ ರಾಜನದು. ಕಾಡಿ ಬೇಡಿ ಸಂಪಾದಿಸಿದ, ಅವರ ಜೀವಮಾನದ ಹೆಮ್ಮೆ. ಅದನ್ನು ತೋರಿಸುವಾಗಲೆಲ್ಲ ರಾಜನ ಕತೆಯನ್ನೂ ಹೇಳಿ ನಗುತ್ತಿದ್ದರು: "ಪೆದ್ದು ರಾಜ ಕಣ್ರೀ. ಡೇನರು ಅಂತ ಕಡಲ್ಗಳ್ಳರು ಹಡಗಲ್ಲಿ ಬಂದು ಹೆದರಿಸಿದ್ರೆ ಬೆಳ್ಳಿ ಕೊಟ್ಟು ಕಳಿಸ್ತಿದ್ದ. ರುಚಿ ಕಂಡೋರು ಸುಮ್ನಿರ್ತಾರಾ? ತಿರ್ಗಾ ಬರ್ತಿದ್ರು, ತಿರ್ಗಾ ಕೊಡ್ತಿದ್ದ!" ಮಂಜುಳಮ್ಮನಿಗಂತೂ ಈ ಕತೆ ಬಾಯಿಪಾಠವಾಗಿತ್ತು.

"ನೋಡು ಪುಟ್ಟಿ, ರಾಜ! ಅವನಿಗೂ ನಿನ್ ಥರಾನೇ ಕಿವಿ ಇದೆ."

ಕಿರುಚಾಟ ನಿಂತಿತು. "ಓಲೆ ಎಲ್ಲಿ?"

"ಅವನಿನ್ನೂ ಚುಚ್ಚಿಸ್ಕೊಂಡಿಲ್ಲ."

"ಮೊದ್ಲು ಅವನಿಗೆ ಚುಚ್ಲಿ. ಆಮೇಲೆ ನಂಗೆ."

ಸದಾಶಿವಯ್ಯನವರು ನಾಣ್ಯದ ಕಡೆ ನೋಡಿದರು. ತೂತು ಬಿದ್ದ ನಾಣ್ಯವನ್ನು ಸಂಜೆ ಯಾವ ಮುಖ ಹೊತ್ತು ಪ್ರದರ್ಶನಕ್ಕೆ ಇಡುವುದು?

"ಬೆಳ್ಳಿ ತಾನೇ, ಆಮೇಲೆ ಮಗೂ ಉಡಿದಾರಕ್ಕೆ ಕಟ್ಟಿದ್ರಾಯ್ತು ಬುಡಿ," ಎಂದರು ಮಂಜುಳಮ್ಮ.

ಮಹದೇವು ಆಗಲೇ ನಾಣ್ಯವನ್ನು ಬೆಳಕಿಗೆ ಹಿಡಿದಿದ್ದ. "ಕಿವಿ ಎಲ್ಲೈತೆ ಸ್ವಾಮಿ? ಬರೀ ಕೂದ್ಲು ಕಾಣ್ತದೆ."

ಮಂಚದ ಕೆಳಗಿನಿಂದ ಒಂದು ಒದ್ದೆ ಮುಖ ತಾತನನ್ನೇ ನೋಡುತ್ತಿತ್ತು, ತಾತ ಇಲ್ಲ ಅನ್ನುವುದಿಲ್ಲ ಎಂಬ ಪೂರ್ತಿ ನಂಬಿಕೆಯಿಂದ. ಆ ನೋಟದ ಮುಂದೆ ಇಂಗ್ಲೆಂಡೂ ಏನೂ ಅಲ್ಲ ಅನ್ನಿಸಿಬಿಟ್ಟಿತು.

"ಕೂದ್ಲ ಕೆಳಗೇ ಇರುತ್ತೆ. ಚುಚ್ಚಪ್ಪ," ಎಂದು ಕಣ್ಣು ಮುಚ್ಚಿಕೊಂಡರು. ಸುತ್ತಿಗೆಯ ಒಂದೇ ಪೆಟ್ಟು ಬಿತ್ತು.

ರಕ್ಷಿತಾ ಮಾತಿಗೆ ತಪ್ಪಲಿಲ್ಲ. ತಾತನ ತೊಡೆಯೇರಿ, ರಾಜನನ್ನು ಮುಷ್ಟಿಯಲ್ಲಿ ಹಿಡಿದು ಎಡಗಿವಿ ಒಡ್ಡಿದಳು. ಸಣ್ಣದೊಂದು "ಆ" ಅಷ್ಟೇ. ಕಣ್ಣಲ್ಲಿ ನೀರು ಬಂದದ್ದು ತಾತನಿಗೆ. ಹೋದರೆ ಹೋಗಲಿ ನಾಣ್ಯ, ಮಗು ನಗುತ್ತಿದೆಯಲ್ಲ ಎಂದುಕೊಂಡರು.

ಮಹದೇವು ಬಲಗಿವಿಗೆ ಕೈ ಹಾಕಿದ. ಅವಳು ಗಕ್ಕನೆ ಕಿವಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿದ್ದ ನಾಣ್ಯವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ರಾಜ ಒಂದು ಪಕ್ಕಕ್ಕೆ ಮುಖ ತಿರುಗಿಸಿ ಕೂತಿದ್ದ.

"ತಾತ, ಇವನಿಗೆ ಒಂದೇ ಕಿವಿ. ಈ ಕಿವಿಗೆ ಇನ್ನೊಂದು ರಾಜ ಬೇಕು."

ಮಂಜುಳಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. "ಏನ್ ಸದಾಶಿವಯ್ಯನೋರೆ, ಡೇನರು ತಿರ್ಗಾ ಬಂದಂಗಿದೆ?"

ಸೊಂಟದ ಬೀಗದ ಕೈ ತಡಕುತ್ತ ಸದಾಶಿವಯ್ಯನವರಾಗಲೇ ನಾಣ್ಯದ ಬೀರುವಿನ ಕಡೆಗೆ ಹೊರಟಿದ್ದರು.