ಕಿವಿಗೆ ಬಡಿಸುವ ಅತ್ತೆ

ನನ್ನ ಸೋದರತ್ತೆ ಕಿವಿಯ ಮೂಲಕ ಊಟ ಮಾಡಿಸಬಲ್ಲರು! ಎಂ.ಎಸ್‌ಸಿ. ಓದಿದವಳು ಇಂಥ ಮಾತು ಬರೆಯಬಹುದೇ? ಬರೆಯದೆ ಬೇರೆ ದಾರಿಯಿಲ್ಲ. ಒಬ್ಬರ ಊಟವನ್ನು ನಾನೇ ಅರ್ಧಕ್ಕೆ ಕಿತ್ತುಕೊಂಡಿದ್ದೇನೆ.

ಗಜೇಂದ್ರಗಡದಲ್ಲಿ ದಿನಾ ಬೆಳಿಗ್ಗೆ ಗುಡ್ಡದ ಬುಡದವರೆಗೆ ನಡೆಯುವ ಐದು ಹೆಂಗಸರ ಗುಂಪಿಗೆ ಅತ್ತೆಯೇ ಮುಖ್ಯಸ್ಥೆ. ನಡಿಗೆಗಿಂತ ಮಾತು ಹೆಚ್ಚು, ಮಾತಿನಲ್ಲಿ ತಿನಿಸಿನ ಪಾಲೇ ಹೆಚ್ಚು. ಒಮ್ಮೆ ಗುಂಪಿನವರೊಬ್ಬರು ಕಾಶಿಗೆ ಹೋಗಿ ಕಚೋರಿಯ ಫೋಟೋ ಕಳಿಸಿದರು. ಅತ್ತೆ ಅಂದೇ ಕಾನೂನು ಮಾಡಿದರು: "ಫೋಟೋ ನೋಡಿದ್ರ ಹೊಟ್ಟಿ ಉರೀತೈತಿ. ಸಪ್ಪಳ ಕೇಳಿದ್ರ ಹೊಟ್ಟಿ ತುಂಬತೈತಿ." ಅಂದಿನಿಂದ, ಊರು ಬಿಟ್ಟು ಹೋದವರು ಏನೇ ತಿಂದರೂ ಫೋನನ್ನು ಬಾಯಿಯ ಹತ್ತಿರ ಹಿಡಿದು, ಉಳಿದವರಿಗೆ ಕೇಳುವಂತೆ ಅಗಿಯಬೇಕು.

ಬೆಳಗಾವಿಗೆ ಹೋದ ಒಬ್ಬರು ಕುಂದಾ ತಿಂದರು. ಮೆತ್ತನೆಯ ಹಾಲಿನ ಸಿಹಿ ಅದು, ಸಪ್ಪಳವೆಲ್ಲಿ? ಪಾಪ, ಆಕೆ ಬಿಸಿಲಲ್ಲಿ ಗರಿಗರಿ ಅವಲಕ್ಕಿ ಚೂಡಾ ಹುಡುಕಿಕೊಂಡು ಹೋಗಬೇಕಾಯಿತು! ಅದನ್ನು ಕೇಳಿ ತೀರ್ಪು ಕೊಟ್ಟವರು ಅತ್ತೆಯ ಜೋಡಿ ನಡೆಯುವ ಶಾಂತಕ್ಕ: ಎಣ್ಣೆ ಹಳೆಯದಂತೆ.

ಇನ್ನೊಮ್ಮೆ ನನ್ನ ಗೆಳತಿಯರಿಗೆ ಸೂಡಿಯ ಹಳೆಯ ಹೊಂಡ ತೋರಿಸಲು ಹೊರಟಾಗ ಅತ್ತೆಯೂ ಬಂದರು. ನಾನು ಕಲ್ಲಿನ ಕೆತ್ತನೆ ವಿವರಿಸುತ್ತಿದ್ದರೆ, ಅತ್ತೆ ಮೆಟ್ಟಿಲ ಮೇಲೆ ಕುಳಿತು ಫೋನಿಗೆ ಚಕ್ಕಲಿ ಕೇಳಿಸುತ್ತಿದ್ದರು. ಆ ಗೋಡೆಗಳು ಎಷ್ಟು ಚೆನ್ನಾಗಿ ಪ್ರತಿಧ್ವನಿಸುತ್ತವೆ ಎಂದು ನನಗೆ ಅಂದೇ ತಿಳಿದದ್ದು. ಗೆಳತಿಯರು ಕೆತ್ತನೆ ಮರೆತಿದ್ದಾರೆ, ಚಕ್ಕಲಿ ಮರೆತಿಲ್ಲ.

ನನಗೋ, ನಾಲ್ಕು ಜನರೆದುರು ನೀರು ಕುಡಿದರೂ ಗುಟುಕಿನ ಸದ್ದಾಯಿತೇನೋ ಎಂಬ ಸಂಕೋಚ. ಹೀಗಾಗಿ ಹೋದ ತಿಂಗಳು ನರಗುಂದದಲ್ಲಿ ಸಹೋದ್ಯೋಗಿಯ ಗೃಹಪ್ರವೇಶಕ್ಕೆ ಹೊರಟಾಗ, ಜೊತೆಗೆ ಬರುತ್ತಿದ್ದ ಅತ್ತೆಗೆ ಮೊದಲೇ ಹೇಳಿದೆ: ಅಲ್ಲಿ ಫೋನು ಬೇಡ. ನಾನು ಕಾಲೇಜಿಗೆ ಸೇರಿ ಮೂರೇ ತಿಂಗಳು, ಪ್ರಾಚಾರ್ಯರೂ ಬರುತ್ತಾರೆ. ಅತ್ತೆ ಶಾಂತಕ್ಕನ ಬಗ್ಗೆ ಏನೋ ಹೇಳಲು ಶುರು ಮಾಡಿದರು. ಶಾಂತಕ್ಕ ಹುಬ್ಬಳ್ಳಿಗೆ ಹೋಗಿದ್ದಾರೆಂದು ನನಗೆ ಗೊತ್ತಿತ್ತು, ಯಾಕೆಂದು ಕೇಳಿರಲಿಲ್ಲ. ಅಂದೂ ಕೇಳದೆ ಬಸ್ಸು ಹತ್ತಿದೆ.

ಪಂಕ್ತಿಯಲ್ಲಿ ಎಲೆ ತುಂಬಿದ್ದೇ ತಡ, ಅತ್ತೆಯ ಫೋನು ನೀರಿನ ಲೋಟಕ್ಕೆ ಒರಗಿತು.

"ಕೇಳ್ರಿ ಶಾಂತಕ್ಕ, ಈಗ ಹಪ್ಪಳ." ಕರಕ್!

"ಇನ್ನೊಮ್ಮೆ ಮುರೀರಿ," ಎಂದಿತು ಅತ್ತಲಿಂದ ಒಂದು ಸಣ್ಣ ದನಿ.

ಪ್ರಾಚಾರ್ಯರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಯಾರೋ ನಕ್ಕರು. ನಾನು ಫೋನು ಕಸಿದು, ಆರಿಸಿ, ನನ್ನ ಚೀಲಕ್ಕೆ ಹಾಕಿದೆ. "ಮರ್ಯಾದಿ ಅನ್ನೂದು ಐತೋ ಇಲ್ಲೋ ನಿಮಗ?" ಎಂದೆ, ಮೆಲ್ಲಗೇ, ಆದರೆ ಪಕ್ಕದವರಿಗೆ ಕೇಳಿಸುವಷ್ಟು. ಅತ್ತೆ ಎಲೆ ಮಡಚಿ ಎದ್ದರು.

ವಾಪಸು ಬರುವಾಗ ಬಸ್ಸು ರೋಣದಲ್ಲಿ ನಿಂತಿತು. ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು:

"ಶಾಂತಕ್ಕ ದವಾಖಾನ್ಯಾಗ ಅದಾಳ. ಅನ್ನನಾಳದ ಆಪರೇಷನ್. ಇಪ್ಪತ್ತು ದಿನಾ ಆತು, ಬಾಯಾಗ ಒಂದ ಅಗಳ ಹೋಗಿಲ್ಲ. ನಳಿಗಿಯೊಳಗ ಗಂಜಿ ಹಾಕ್ತಾರ. ಬ್ಯಾಡಂತಾಳ. ನಾ ಉಣ್ಣೂದು ಪೂರಾ ಕೇಳಿದ ಮ್ಯಾಲಷ್ಟ ಹಾಕಿಸ್ಕೊತಾಳ."

ಮೂರೂವರೆಯಾಗಿತ್ತು. ನನ್ನ ಮರ್ಯಾದೆ ಉಳಿದಿತ್ತು. ಶಾಂತಕ್ಕ ಇನ್ನೂ ಹಸಿದಿದ್ದರು.

ನಾನು ಇಳಿದು, ಕೈಗಾಡಿಯಿಂದ ಉಪ್ಪು ಖಾರ ಸವರಿದ ಸೌತೆಕಾಯಿ ತಂದೆ. ಚೀಲದಿಂದ ಅತ್ತೆಯ ಫೋನು ತೆಗೆದು ಶಾಂತಕ್ಕನಿಗೆ ಕರೆ ಹಚ್ಚಿದೆ. ಆಮೇಲೆ, ತುಂಬಿದ ಬಸ್ಸಿನಲ್ಲಿ, ಹಿಂದೆ ಮುಂದೆ ಕುಳಿತವರೆಲ್ಲ ತಿರುಗಿ ನೋಡುತ್ತಿರಲು, ಫೋನನ್ನು ಬಾಯಿಯ ಹತ್ತಿರ ಹಿಡಿದು ಸೌತೆಕಾಯಿ ಕಚ್ಚಿದೆ.

ಅತ್ತಲಿಂದ ಶಾಂತಕ್ಕ ಕೇಳಿದರು:

"ಇವು ಯಾರ ಹಲ್ಲ?"

"ನಮ್ಮ ಹುಡುಗೀವು," ಎಂದರು ಅತ್ತೆ.

ತಪ್ಪಾಯಿತು ಎನ್ನಲು ಹೋದೆ. ಬಾಯಿ ತುಂಬಿದ್ದರಿಂದ ಅದು ಮಾತಾಗಲಿಲ್ಲ.

"ಮಾತಾಡಬ್ಯಾಡ ತಂಗಿ," ಎಂದರು ಶಾಂತಕ್ಕ, "ಅಗಿ."