ನಮ್ಮ ಅಳಿಯಂದಿರು ಯುದ್ಧದಲ್ಲಿ ಸೋತದ್ದು

ನಿನ್ನೆ ಸಾಯಂಕಾಲ ನಮ್ಮ ಅಳಿಯಂದಿರು ಯುದ್ಧದಲ್ಲಿ ಸೋತುಹೋದರು. ಅಂಥಿಂಥ ಸೋಲಲ್ಲ. ಕುದುರೆ ಸವಾರರು, ಫಿರಂಗಿಯವರು, ಬಾವುಟ ಹಿಡಿಯುವವನು, ಕಹಳೆ ಊದುವವನು, ಒಬ್ಬರೂ ಉಳಿಯಲಿಲ್ಲ! ನನಗಾದ ಸಂತೋಷಕ್ಕೆ ಬೆಳಿಗ್ಗೆ ಊರಿಗೆ ಬಂದವಳೇ ಕಡಲೆಬೀಜದ ಉಂಡೆ ಕಟ್ಟಿ ಬೀದಿಯ ಮನೆಮನೆಗೂ ಕೊಟ್ಟು ಬಂದೆ.

ಎದುರು ಮನೆಯ ಮುದುಕಿ ತೆಲುಗಿನವಳು. ಉಂಡೆ ಬಾಯಿಗೆ ಹಾಕಿಕೊಂಡು “ಏಮಮ್ಮಾ ವಿಶೇಷಂ?” ಅಂದಳು. ಅಳಿಯ ಸೋತರು ಅಂದೆ. ಅವಳು ಅಗಿಯುವುದನ್ನು ನಿಲ್ಲಿಸಿ, ಎಲೆಕ್ಷನ್ನಾ ಕೋರ್ಟು ಕೇಸಾ ಅಂತ ಕೇಳಿದಳು. ಎರಡೂ ಅಲ್ಲ, ಯುದ್ಧ ಅಂದೆ. ಯಾರ ಮೇಲೆ ಅಂದಳು. ನನ್ನ ಮಗನ ಮೇಲೆ ಅಂದೆ. ಪಾಪ, ಅವಳು ಎರಡನೆಯ ಉಂಡೆ ಮುಟ್ಟಲೇ ಇಲ್ಲ. ಮಗನೂ ಅಳಿಯನೂ ಯುದ್ಧ ಮಾಡಿದರೆ ಉಂಡೆ ಹಂಚುವ ಹೆಂಗಸು ಎಲ್ಲಾದರೂ ಇದ್ದಾಳಾ? ಇದ್ದಾಳೆ, ನಾನೇ. ಯಾಕೆ ಅಂತ ಹೇಳುತ್ತೇನೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಹಿಂದುಮುಂದಾದರೆ ನೀವೇ ಹೊಂದಿಸಿಕೊಂಡು ಓದಿಕೊಳ್ಳಿ.

ಅಳಿಯಂದಿರು ಇರುವುದು ಗೌರಿಬಿದನೂರಿನಲ್ಲಿ. ಕೆಲಸ ಜಮೀನು ಅಳೆಯುವುದು. ಹಗಲೆಲ್ಲ ಕಂಡವರ ಹೊಲ ಅಳೆದದ್ದು ಸಾಲದು ಅಂತ ಮನೆಗೆ ಬಂದು ಊಟದ ಮೇಜನ್ನು ಅಳೆಯುತ್ತಾರೆ. ಆ ಮೇಜಿನ ಮೇಲೆ ಥರ್ಮಾಕೋಲಿನ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿದ ಹುಲ್ಲು. ಕೋಟೆಯೊಳಗೆ ಪಾಳೆಯಗಾರನ ಸೈನ್ಯ, ಕೆಳಗೆ ಮುತ್ತಿಗೆ ಹಾಕಲು ಬಂದ ಕೆಂಪು ಕೋಟಿನ ಬ್ರಿಟಿಷರು. ಒಬ್ಬೊಬ್ಬ ಸೈನಿಕನೂ ನನ್ನ ಹೆಬ್ಬೆರಳಿನ ತುದಿಯಿಂದ ಗೆಣ್ಣಿನವರೆಗೆ ಉದ್ದ, ಅಷ್ಟೆ. ಅಂಗಡಿಯಿಂದ ಬರುವಾಗ ಕೈ ಬೇರೆ, ಕಾಲು ಬೇರೆ, ತಲೆ ಬೇರೆ ಇರುತ್ತವೆ. ಇವರು ಕೂತು ಅಂಟಿಸಿ, ರುಮಾಲು ಸುತ್ತಿ, ಎರಡು ಕೂದಲಿನ ಕುಂಚದಲ್ಲಿ ಮೀಸೆ ಬರೆಯುತ್ತಾರೆ. ಸೈನ್ಯಕ್ಕೆ ಮೀಸೆ ಬರೆಯುವ ವಾರದಲ್ಲಿ ತಮ್ಮ ಗಡ್ಡ ಕೆರೆದುಕೊಳ್ಳುವುದು ಮರೆತುಹೋಗುತ್ತದೆ.

ಆಟ ಏನು ಅಂತ ಮೊಮ್ಮಗಳು ನನಗೆ ಹೇಳಿಕೊಟ್ಟಿದ್ದಾಳೆ. ಕಾಲಾಳು ಇಷ್ಟು ಇಂಚು, ಕುದುರೆ ಇಷ್ಟು ಇಂಚು ಅಂತ ಟೇಪು ಹಿಡಿದು ನಡೆಸಬೇಕು. ಶತ್ರು ಕಣ್ಣಿಗೆ ಬಿದ್ದರೆ ಗುಂಡು ಹೊಡೆಯಬಹುದು. ಸತ್ತನೋ ಉಳಿದನೋ ಅನ್ನುವುದನ್ನು ದಾಳ ಹೇಳುತ್ತದೆ. ನಾನು ಚೌಕಾಬಾರ ಆಡಿ ಬೆಳೆದವಳು, ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಒಂದೇ, ನಲವತ್ತು ದಾಟಿದ ಗಂಡಸಿಗೆ ಇದು ಯಾಕೆ ಬೇಕು!

ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಬಂದಾಗ ದೊಡ್ಡದೊಂದು ಸೂಟ್‌ಕೇಸು ತಂದಿದ್ದರು. ಮನೆಯವರಿಗೆಲ್ಲ ಬಟ್ಟೆ ತಂದಿದ್ದಾರೆ ಅಂತ ನಾವು ಸುತ್ತ ಕೂತೆವು. ಮುಚ್ಚಳ ತೆಗೆದರೆ ಹತ್ತಿಯೊಳಗೆ ಸಾಲುಸಾಲಾಗಿ ಸೈನಿಕರು ಮಲಗಿದ್ದಾರೆ. ನಮ್ಮ ಯಜಮಾನರು ಆಗ ಇದ್ದರು, ಹೆಚ್ಚು ಮಾತಾಡುವವರಲ್ಲ. ಬಗ್ಗಿ ನೋಡಿ ನನ್ನ ಕಡೆ ತಿರುಗಿ, “ಇಷ್ಟು ಜನಾನೂ ಊಟಕ್ಕವ್ರಾ?” ಅಂದರು.

ಇನ್ನೊಂದು ಸಲ ಆಯುಧಪೂಜೆಗೆ ಬಂದರು. ನನ್ನ ಮಗ ಟಿಲ್ಲರು, ಕುಡುಗೋಲು, ಸೊಪ್ಪು ಕತ್ತರಿಸುವ ಮಚ್ಚು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದ. ಅಳಿಯಂದಿರು ಮೆಲ್ಲಗೆ ಬಂದು ಟಿಲ್ಲರಿನ ಪಕ್ಕದಲ್ಲಿ ಒಂದು ಪಡೆಯನ್ನೇ ನಿಲ್ಲಿಸಿದರು. ಇದೇನು ಅಂದರೆ, ಇವರ ಕೈಯಲ್ಲೂ ಆಯುಧ ಇದೆಯಲ್ಲ ಅತ್ತೆ ಅಂದರು. ಕಡ್ಡಿಯ ತುದಿಯಲ್ಲಿ ಕುಂಕುಮ ಅದ್ದಿ ಒಬ್ಬೊಬ್ಬನ ಹಣೆಗೂ ಇಟ್ಟುಕೊಂಡು ಹೋದೆ. ಮುಗಿಸುವ ಹೊತ್ತಿಗೆ ಟಿಲ್ಲರಿಗೆ ಹಚ್ಚಿದ ಅರಿಶಿನ ಒಣಗಿತ್ತು.

ಇವರ ದೊಡ್ಡ ಕಷ್ಟ ಅಂದರೆ ಎದುರಿಗೆ ಆಡುವವರು ಇಲ್ಲ. ಬೆಂಗಳೂರಿನಲ್ಲಿ ಇಂಥವರೇ ನಾಲ್ಕು ಜನ ಇದ್ದಾರಂತೆ, ಅವರು ಬರುವುದು ಯಾವಾಗಲೋ. ಮಗಳು ಒಂದು ಸಲ ಆಡಲು ಕೂತು, ಇಷ್ಟೆಲ್ಲ ಸಾಯಿಸುವ ಬದಲು ಇಬ್ಬರೂ ಕೂತು ಮಾತಾಡಿಕೊಳ್ಳಬಾರದಾ ಅಂತ ಕೇಳಿದಳಂತೆ. ಆಮೇಲೆ ಅವಳನ್ನು ಕರೆದಿಲ್ಲ. ಹಾಗಾಗಿ ಎರಡೂ ಕಡೆ ಇವರೇ. ಈ ಕಡೆ ಕೂತು ದಾಳ ಹಾಕುತ್ತಾರೆ, ಎದ್ದು ಆ ಕಡೆಯ ಕುರ್ಚಿಗೆ ಹೋಗಿ ಅಯ್ಯೋ ಅನ್ನುತ್ತಾರೆ. ಒಮ್ಮೆ ಈ ಕಡೆಯವರು ಟೇಪು ಎಳೆದು ಹಿಡಿದರು ಅಂತ ಆ ಕಡೆಯವರು ತಕರಾರು ತೆಗೆದು ಆಟವೇ ನಿಂತುಹೋಯಿತು. ಯಾವ ಕಡೆ ಸೋತರೂ ಸೋಲು ಇವರದೇ ಅಲ್ಲವೇ! ಆ ರಾತ್ರಿ ಊಟ ಸೇರುವುದಿಲ್ಲ. ಇವತ್ತು ಅವರ ಕುದುರೆಗಳೆಲ್ಲ ಹೋದವು, ಮಾತಾಡಿಸಬೇಡ ಅಂತ ಮಗಳು ನನಗೆ ಕಣ್ಸನ್ನೆ ಮಾಡುತ್ತಾಳೆ.

ಇಷ್ಟಕ್ಕೇ ಇದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹುಳದ ಮನೆಯ ವಿಷಯ ಹೇಳಬೇಕು.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಬದುಕೆಲ್ಲ ರೇಷ್ಮೆ ಹುಳದ ಜೊತೆ. ಹುಳಕ್ಕೆ ವಾಸನೆ ಆಗದು. ಹುಳದ ಮನೆಗೆ ಹೋಗುವ ದಿನ ನಾನು ತಲೆಗೆ ಎಣ್ಣೆ ಹಚ್ಚುವುದಿಲ್ಲ, ಮಲ್ಲಿಗೆ ಮುಡಿಯುವುದಿಲ್ಲ. ಬೀಡಿ ಸೇದಿದ ಆಳು ಬಾಗಿಲಿನಾಚೆಯೇ ನಿಲ್ಲಬೇಕು. ಅಳಿಯಂದಿರದು ಮೇಷ್ಟರ ಮನೆತನ, ಅವರು ರೇಷ್ಮೆಯನ್ನು ನೋಡಿದ್ದೇ ಸೀರೆಯಾದ ಮೇಲೆ. ಒಂದು ಯುಗಾದಿಗೆ ಬಂದಿದ್ದವರು ಊರೆಲ್ಲ ಧೂಳು, ಗಾಳಿ ಅಂತ ಹುಡುಕಿ ಹುಡುಕಿ ಒಂದು ಒಳ್ಳೆಯ ಜಾಗ ಕಂಡುಹಿಡಿದರು. ಗಾಳಿ ಇಲ್ಲ, ಧೂಳಿಲ್ಲ, ಬೆಚ್ಚಗಿದೆ, ಬಣ್ಣ ಒಣಗಿಸಲು ಇದಕ್ಕಿಂತ ಬೇಕಾ? ಹುಳದ ಮನೆಯ ಮೂಲೆಯಲ್ಲಿ ಹೊಸ ಸೈನ್ಯವನ್ನು ನಿಲ್ಲಿಸಿ, ಡಬ್ಬಿ ಒತ್ತಿ, ಹುಸ್ ಅಂತ ಕಪ್ಪು ಬಣ್ಣ ಹೊಡೆದು ಬಾಗಿಲು ಹಾಕಿಕೊಂಡು ಬಂದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ತೊಂದರೆ ಕೊಡಬಾರದು ಅಂತ.

ನಾಲ್ಕನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳ ಸೊಪ್ಪು ತಿನ್ನುವಾಗ ಸೋನೆ ಮಳೆ ಹಿಡಿದ ಹಾಗೆ ಸದ್ದು ಬರುತ್ತದೆ. ಬೆಳಿಗ್ಗೆ ಸೊಪ್ಪು ಹಾಕಲು ಹೋದ ಸೊಸೆಗೆ ಯಾವ ಸದ್ದೂ ಕೇಳಲಿಲ್ಲ. ಹುಳಗಳೆಲ್ಲ ತಲೆ ಎತ್ತಿಕೊಂಡು ಸುಮ್ಮನೆ ಇದ್ದವು. ಮಧ್ಯಾಹ್ನದ ಹೊತ್ತಿಗೆ ಹಸಿರು ಕಾರಿಕೊಂಡು ಬಿದ್ದವು. ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕಾದ ಹುಳ. ಮಗ ಬುಟ್ಟಿಗಟ್ಟಲೆ ತುಂಬಿ ಗುಂಡಿಗೆ ಹಾಕಿ ಬಂದ. ಕೈ ತೊಳೆದುಕೊಂಡು, “ನಿಮ್ಮ ಸೈನ್ಯ ಗೆದ್ದಾಯ್ತಲ್ಲ ಭಾವ, ಎತ್ಕೊಂಡು ಹೊರಡಿ” ಅಂದ.

ಅಳಿಯಂದಿರು ಸೂಟ್‌ಕೇಸು ಎತ್ತಿಕೊಂಡು ಬಸ್‌ಸ್ಟಾಂಡಿಗೆ ನಡೆದರು. ಹೋಳಿಗೆ ಹಾಗೇ ಇತ್ತು.

ತಪ್ಪಾಯಿತು ಅಂತ ಮಗಳ ಕೈಲಿ ಫೋನಿನಲ್ಲಿ ಹೇಳಿಸಿದರು, ನಷ್ಟ ಕಟ್ಟಿಕೊಡುತ್ತೇನೆ ಅಂತಲೂ ಹೇಳಿಸಿದರು. ಹುಳಗಳು ಬಾಯಿಬಿಟ್ಟು ಕ್ಷಮಿಸಿದೆವು ಅನ್ನಲಿ, ನಾನೂ ಅನ್ನುತ್ತೇನೆ ಅಂತ ಮಗ ಹೇಳಿದ. ಅಲ್ಲಿಗೆ ಮುಗಿಯಿತು. ಅಳಿಯಂದಿರು ನಮ್ಮ ಹೊಸಿಲು ತುಳಿಯಲಿಲ್ಲ, ಮಗ ಅಕ್ಕನ ಮನೆಯ ನೀರು ಮುಟ್ಟಲಿಲ್ಲ. ಹಬ್ಬ ಬಂದರೆ ನಾನು ಹೋಳಿಗೆ ಡಬ್ಬಿ ಹಿಡಿದು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ ಹೋಗುವುದು. ಕರೆದುಕೊಂಡು ಹೋಗಲು ಮಗ ಬಂದರೆ ಗೇಟಿನಾಚೆ ಗಾಡಿ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದ. ನನಗಿದ್ದದ್ದು ಒಂದೇ ಯೋಚನೆ, ನಾನು ಕಣ್ಣು ಮುಚ್ಚುವುದರೊಳಗೆ ಇವರಿಬ್ಬರೂ ಒಂದು ಸಾಲಿನಲ್ಲಿ ಕೂತು ಉಣ್ಣುವುದನ್ನು ನೋಡುತ್ತೇನಾ ಅಂತ. ಯುದ್ಧ ಇಲ್ಲದ ಜಗಳ ಎಷ್ಟು ಉದ್ದ ಹೋಗುತ್ತದೆ ನೋಡಿ!

ನಿನ್ನೆ ಮಗ, ಸೊಸೆ, ಮಕ್ಕಳು ತೊಂಡೇಬಾವಿಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು, ಮಗಳ ಮನೆಯಲ್ಲಿದ್ದ ನನ್ನನ್ನು ಕರೆದೊಯ್ಯಲು ಬಂದರು. ಸೊಸೆ, ಮಕ್ಕಳು ಒಳಗೆ ಬಂದರು. ಮಗ ಎಂದಿನಂತೆ ಆಚೆ. ಹೊರಡೋಣ ಅನ್ನುವಾಗ ವ್ಯಾನಿನ ಟೈರು ನೆಲಕ್ಕೆ ಕೂತಿತ್ತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಪಂಕ್ಚರಿನವನು ಬಂದು ಚಕ್ರ ಬಿಚ್ಚಿಕೊಂಡು, ಸಂಜೆಯಾಗುತ್ತದೆ ಅಂತ ಹೇಳಿಹೋದ. ಮಗ ಎಲ್ಲಿಗೆ ಹೋಗುತ್ತಾನೆ? ಬಾಗಿಲ ಮೆಟ್ಟಿಲ ಮೇಲೆ ಮನೆಗೆ ಬೆನ್ನು ಹಾಕಿ ಕೂತ.

ಒಳಗೆ ಅಳಿಯಂದಿರು ಒಬ್ಬರೇ ಎರಡೂ ಕಡೆ ಓಡಾಡಿಕೊಂಡು ಯುದ್ಧ ನಡೆಸುತ್ತಿದ್ದರು. ದಾಳ ಉರುಳುವ ಸದ್ದಿಗೆ ಮಗನ ಕುತ್ತಿಗೆ ತಿರುಗಿತು. ಸ್ವಲ್ಪ ಹೊತ್ತಿಗೆ ಭುಜ ತಿರುಗಿತು. ಆಮೇಲೆ ಪೂರ್ತಿ ಆಸಾಮಿಯೇ ತಿರುಗಿ ಕೂತ. ಕಡೆಗೆ ತಡೆಯಲಾರದೆ, “ಅಮ್ಮ, ಅವರಿಗೆ ಹೇಳು. ಬೆಟ್ಟದ ಮೇಲಿರೋರು ಯಾಕೆ ಸುಮ್ನೆ ನಿಂತವ್ರೆ? ಇಳಿದು ಬಂದು ಒದೀಬಾರ್ದಾ?” ಅಂದ.

ಅಳಿಯಂದಿರು ಇದ್ದದ್ದು ಅವನಿಂದ ನಾಲ್ಕು ಮಾರು ದೂರ. ಕೇಳಿಸಿತು. ಆದರೂ ನನ್ನ ಕಡೆ ತಿರುಗಿ, “ಅತ್ತೆ, ಬೇಕಾದ್ರೆ ಅವನೇ ಬಂದು ಇಳಿಸಲಿ ಅಂತ ಹೇಳಿ” ಅಂದರು.

ಹೇಳಿದೆ. ಮಗ ಚಪ್ಪಲಿ ಬಿಟ್ಟು ಒಳಗೆ ಬಂದ.

ಆಮೇಲೆ ನಡೆದದ್ದು ನನ್ನ ಮೂಲಕ ನಡೆದ ಯುದ್ಧ. ಕುದುರೆ ಎಷ್ಟು ಇಂಚು ಅಂತ ಕೇಳಮ್ಮ. ಎಂಟು ಅಂತ ಹೇಳಿ ಅತ್ತೆ. ಮಗ ಒಮ್ಮೆ ನನ್ನ ಕಿವಿಯಲ್ಲಿ, ಕೋಟೆಯ ಹಿಂದಿನ ಬಾಗಿಲಿಂದ ಇಳಿದು ನುಗ್ಗುತ್ತೇನೆ ಅಂದ. ಅದನ್ನೂ ಅಳಿಯಂದಿರಿಗೆ ಮುಟ್ಟಿಸಿದೆ. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಅಂತ ಮೊದಲೇ ತಿಳಿಸಬೇಡವೇ? ಮಗನಿಗೆ ಆಟ ಎಲ್ಲಿ ಬರಬೇಕು, ಭಾವನ ಸೈನ್ಯವನ್ನು ಪುಡಿ ಮಾಡಬೇಕು ಅನ್ನುವುದೊಂದೇ ಗೊತ್ತು. ತನ್ನ ಪಾಲಿಗೆ ಬಂದ ಕೋಟೆಯಲ್ಲಿ ಇದ್ದವರನ್ನೆಲ್ಲ, ಅಡುಗೆಯವನನ್ನೂ ಬಿಡದೆ, ಬೆಟ್ಟ ಇಳಿಸಿದ. ಅಳಿಯಂದಿರು ಇಂಚಿಂಚೂ ಅಳೆದು ಹೂಡಿದ್ದ ಲೆಕ್ಕ ಎಲ್ಲ ತಲೆಕೆಳಗಾಯಿತು.

ಆಗ ಒಂದು ತಕರಾರು ಬಂತು. ಬಂಡೆಯ ಹಿಂದೆ ನಿಂತ ಪಾಳೆಯಗಾರ ಅಳಿಯಂದಿರ ಫಿರಂಗಿಗೆ ಕಾಣುತ್ತಾನೋ ಇಲ್ಲವೋ? ಮೇಲಿನಿಂದ ನೋಡಿ ಹೇಳುವಂತಿಲ್ಲ, ಬಗ್ಗಿ ಸೈನಿಕನ ಕಣ್ಣಿನ ಎತ್ತರಕ್ಕೆ ಕಣ್ಣಿಟ್ಟು ನೋಡಬೇಕು ಅಂತ ಮೊಮ್ಮಗಳು ನಿಯಮ ಹೇಳಿದಳು. ಅಳಿಯಂದಿರು ಆ ಕಡೆಯಿಂದ ಬಗ್ಗಿ ಮೇಜಿಗೆ ಕೆನ್ನೆ ಒತ್ತಿದರು. ಮಗ ಈ ಕಡೆಯಿಂದ ಬಗ್ಗಿದ. ನನ್ನ ಮಂಡಿ ಬಗ್ಗುವುದಿಲ್ಲ. ಅಲ್ಲಿ ಕೆಳಗೆ ಹೇಳಿ ಕೇಳಿ ಮಾಡಲು ನಾನಿಲ್ಲ. ಇಬ್ಬರ ಮುಖದ ನಡುವೆ ಒಂದು ಥರ್ಮಾಕೋಲ್ ಬಂಡೆ, ಅಷ್ಟೆ.

ಇಬ್ಬರೂ ಏಳಲಿಲ್ಲ. ಅಳಿಯಂದಿರೇ ಮೊದಲು ಮಾತಾಡಿದರು, ಮೇಜಿನ ಮೇಲಿಂದ ಕೆನ್ನೆ ತೆಗೆಯದೆ.

“ಆವತ್ತು ಹುಳ ತಲೆ ಎತ್ಕೊಂಡು ನಿಂತಿದ್ವಲ್ಲ. ಇವತ್ತಿಗೂ ಕಣ್ ಮುಚ್ಚಿದ್ರೆ ಅದೇ ಕಾಣ್ಸುತ್ತೆ ಕಣೋ.”

ಅಡುಗೆಮನೆಯ ಬಾಗಿಲಲ್ಲಿ ಮಗಳು ಸೌಟು ಹಿಡಿದುಕೊಂಡು ನಿಂತುಬಿಟ್ಟಿದ್ದಳು.

“ಕಾಣ್ತಾನೆ ನಮ್ಮೋನು. ಸುಳ್ಳು ಯಾಕೆ ಹೇಳ್ಲಿ,” ಅಂದ ಮಗ. “ದಾಳ ಹಾಕಿ ಭಾವ.”

ಹಾಕಿದರು. ಬಿದ್ದದ್ದು ಒಂದು. ಪಾಳೆಯಗಾರ ಬದುಕಿಕೊಂಡ. ಅಲ್ಲಿಂದ ಮುಂದೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನೀವು ಟೇಪು ಎಳೀತೀರಾ, ನಿನಗೆ ಎಣಿಸೋಕೆ ಬರಲ್ಲ ಅಂತ ಅವರವರೇ ಬೈದಾಡಿಕೊಂಡು, ಕಡೆಗೆ ನಾನು ಮೊದಲೇ ಹೇಳಿದ ಹಾಗೆ ಅಳಿಯಂದಿರ ಕಹಳೆಯವನವರೆಗೆ ಎಲ್ಲರೂ ಸತ್ತರು. ಬೇಕಂತಲೇ ಸೋತಿರಾ ಅಂತ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಇಲ್ಲ ಅತ್ತೆ, ಅವನ ಹತ್ತಿರ ಯೋಚನೆ ಅನ್ನುವುದೇ ಇಲ್ಲ, ಅಂಥವನನ್ನು ಗೆಲ್ಲುವುದು ಹೇಗೆ ಅಂದರು. ಸೋತವರ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ.

ಪಂಕ್ಚರಿನವನು ಚಕ್ರ ತಂದು ಹಾಕಿ ಹೋದ. ಹೊರಡೋಣ ಅಂತ ಯಾರೂ ಅನ್ನಲಿಲ್ಲ. ಮಗಳೂ ಊಟ ಮಾಡಿಕೊಂಡು ಹೋಗಿ ಅನ್ನಲಿಲ್ಲ, ಸುಮ್ಮನೆ ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟಳು. ನಾನೂ ಸೊಸೆಯೂ ಅವರೆಕಾಳು ಹಿತಕಿ ಕೊಟ್ಟೆವು. ಊಟದ ಮೇಜಿನ ತುಂಬ ಹೆಣಗಳು ಬಿದ್ದಿದ್ದರಿಂದ ಎಲ್ಲರೂ ಹಾಲಿನಲ್ಲಿ ನೆಲದ ಮೇಲೆಯೇ ಸಾಲಾಗಿ ಕೂತೆವು. ಮಕ್ಕಳು ಒಂದು ಕಡೆ, ಗೋಡೆಗೆ ಒರಗಿಕೊಂಡು ಅಳಿಯಂದಿರು, ಅವರ ಪಕ್ಕ ನನ್ನ ಮಗ. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು.

ಮಗ ಅಕ್ಕನ ಮನೆಯ ನೀರಿನ ಲೋಟ ಎತ್ತಿ ಪೂರ್ತಿ ಕುಡಿದು ಇಟ್ಟ. ಮುದ್ದೆ ಮುರಿದು ಸಾರಿಗೆ ಅದ್ದಿಕೊಂಡು, ತಟ್ಟೆ ನೋಡಿಕೊಂಡೇ ಹೇಳಿದ.

“ಈ ಬೆಳೆ ಗೂಡಿಗೆ ಬಿಟ್ಟ ಮೇಲೆ ಬನ್ನಿ ಭಾವ. ಸೈನ್ಯಾನೂ ಎತ್ಕೊಂಡು ಬನ್ನಿ. ಬಣ್ಣ ಇಲ್ಲೇ ಹೊಡ್ಕೊಂಡು ಬನ್ನಿ.”

ಅಳಿಯಂದಿರು ಹೂಂ ಅನ್ನಲು ಹೋದರು, ಬಾಯಲ್ಲಿದ್ದ ಮುದ್ದೆ ಇಳಿಯಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕು, ಮೇಷ್ಟರ ಮನೆಯವರಿಗೆ ಅದು ಯಾವತ್ತೂ ಬಂದಿಲ್ಲ. ಆದರೆ ನಿನ್ನೆ ಇಳಿಯದೆ ನಿಂತದ್ದು ಅದಕ್ಕಲ್ಲ ಅಂತ ನನಗೆ ಗೊತ್ತು. ತಲೆ ಬಗ್ಗಿಸಿಕೊಂಡು ತಟ್ಟೆಯನ್ನೇ ನೋಡುತ್ತಿದ್ದರು. ಮಗ ಅವರ ಕಡೆ ನೋಡದೆ ಸಾರಿನ ಪಾತ್ರೆ ಎಳೆದುಕೊಂಡು ಅವರ ತಟ್ಟೆಗೆ ಎರಡು ಸೌಟು ಬಡಿಸಿದ. ಮಕ್ಕಳು ಸತ್ತವರನ್ನು ಎಣಿಸುತ್ತ ಉಣ್ಣುತ್ತಿದ್ದರು. ನಾನು ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡೆ.